ಎಂಟನೆಯ ಕುರ್ಚಿ

ಶಾಲಾ ಮಂತ್ರಿಮಂಡಲ ಎಂದರೆ ಗೊತ್ತಿಲ್ಲದ ಮಕ್ಕಳು ನಮ್ಮಲ್ಲಿ ಇರಲಿಕ್ಕಿಲ್ಲ. ಹೊರಗೆ ಜೂನ್ ತಿಂಗಳ ಮಳೆ, ಒಳಗೆ ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ ಮತಚೀಟಿ. ಒಬ್ಬ ಮುಖ್ಯಮಂತ್ರಿ, ಒಬ್ಬ ಶಿಸ್ತಿನ ಮಂತ್ರಿ, ಒಬ್ಬಳು ಆರೋಗ್ಯ ಮಂತ್ರಿ, ಒಬ್ಬ ನೀರಾವರಿ ಮಂತ್ರಿ. ನೀರಾವರಿ ಮಂತ್ರಿ ಎಂದರೆ ಹೂಗಿಡಕ್ಕೆ ನೀರು ಹಾಕುವವನು. ಆರೋಗ್ಯ ಮಂತ್ರಿಗೆ ಬೇರೆಯವರ ಉಗುರು ನೋಡುವ ಅಧಿಕಾರ. ಕುಂದಾಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದ ನಾನು ಇಂಥ ಎಷ್ಟೋ ಮಂತ್ರಿಗಳ ಪ್ರಮಾಣವಚನಕ್ಕೆ ಚಪ್ಪಾಳೆ ಹೊಡೆದಿದ್ದೇನೆ. ಕೆಲವರು ನಿಜಕ್ಕೂ ಒಳ್ಳೆಯ ಆಡಳಿತ ನಡೆಸಿದರು. ಬೇಸಿಗೆ ರಜೆಯಲ್ಲೂ ಬಂದು ಗಿಡಕ್ಕೆ ನೀರು ಹಾಕಿದ ನೀರಾವರಿ ಮಂತ್ರಿಯೊಬ್ಬನನ್ನು ನಾನು ಮರೆಯಲಾರೆ.

ಆದರೆ ಶಾಲೆಗೆ ಹೊಸ ಕೋಣೆ ಕಟ್ಟಬೇಕೋ ಬೇಡವೋ, ಬೆಳಿಗ್ಗೆ ಎಷ್ಟು ಗಂಟೆಗೆ ಬೆಲ್ಲು ಹೊಡೆಯಬೇಕು, ಯಾವ ಊರಿನ ಮಕ್ಕಳು ಯಾವ ಶಾಲೆಗೆ ಹೋಗಬೇಕು, ಇದ್ದ ಹಣವನ್ನು ಹೇಗೆ ಖರ್ಚು ಮಾಡಬೇಕು ಎಂಬ ಪ್ರಶ್ನೆಗಳನ್ನು ಯಾರೂ ಶಾಲಾ ಮಂತ್ರಿಮಂಡಲದ ಮುಂದೆ ಇಡುವುದಿಲ್ಲ. ಅವೆಲ್ಲ ದೊಡ್ಡವರ ವಿಷಯ.

ಈ ದೊಡ್ಡವರ ವಿಷಯಕ್ಕೆ ಹದಿನೇಳು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ ಮತ ಹಾಕುವ ಊರನ್ನು ನಾನು ನೋಡಿ ಬಂದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್ ಎಂಬ ಊರು ಅದು.

2019ರ ವಸಂತದಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆ ಹೋಗಿದ್ದೆವು. ರಾಜಧಾನಿ ವಾಷಿಂಗ್ಟನ್ನಿನ ಉತ್ತರಕ್ಕೆ ತಾಗಿಕೊಂಡೇ ಮಾಂಟ್‌ಗೊಮರಿ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ ಎಂದುಕೊಳ್ಳಿ. ಅದರ ಕೇಂದ್ರಸ್ಥಳ ರಾಕ್‌ವಿಲ್. ವಾಷಿಂಗ್ಟನ್ನಿನಿಂದ ಮೆಟ್ರೋದ ಕೆಂಪು ಮಾರ್ಗದಲ್ಲಿ ಕುಳಿತರೆ ಸ್ವಲ್ಪ ಹೊತ್ತು ನೆಲದ ಕೆಳಗೆ, ಆಮೇಲೆ ನೆಲದ ಮೇಲೆ ಓಡಿ ರೈಲು ಅಲ್ಲಿಗೆ ತಂದು ಬಿಡುತ್ತದೆ. ನೋಡುವಂಥದ್ದು ಬಹಳ ಇಲ್ಲ. ಒಂದು ಹಳೆಯ ಕೋರ್ಟು, ಒಂದು ದೊಡ್ಡ ಗ್ರಂಥಾಲಯ, ಚರ್ಚಿನ ಪಕ್ಕದ ಅಂಗಳದಲ್ಲಿ ಕಾದಂಬರಿಕಾರ ಸ್ಕಾಟ್ ಫಿಟ್ಜ್‌ಜೆರಾಲ್ಡ್‌ನ ಸಮಾಧಿ. ಇಂಗ್ಲಿಷ್ ಎಂ.ಎ. ಓದಿದ ಅಜ್ಜಂದಿರು ಯಾರಾದರೂ ಹೋದರೆ ಅದನ್ನು ನೋಡಿ ಬರಬಹುದು. ನನಗೆ ಹಿಡಿಸಿದ್ದು ಹಳದಿ ಶಾಲಾ ಬಸ್ಸುಗಳು. ಆ ಕೌಂಟಿಯ ಸರ್ಕಾರಿ ಶಾಲೆಗಳದ್ದೇ ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ. ಬಸ್ಸು ನಿಂತು, ಅದರ ಬದಿಯಿಂದ 'ನಿಲ್ಲಿ' ಎಂಬ ಕೆಂಪು ಫಲಕ ರೆಕ್ಕೆಯ ಹಾಗೆ ಹೊರಗೆ ಚಾಚಿತೆಂದರೆ ಹಿಂದಿನ ಕಾರು ಮಾತ್ರವಲ್ಲ, ಎದುರಿನಿಂದ ಬರುವ ಕಾರೂ ನಿಲ್ಲಬೇಕು. ಒಂದು ಪುಟ್ಟ ಮಗು ನಿಧಾನವಾಗಿ, ಚೀಲ ಎಳೆದುಕೊಂಡು ಇಳಿಯುವವರೆಗೆ ಅಷ್ಟುದ್ದ ಸಾಲು ಸುಮ್ಮನೆ ಕಾಯುವುದನ್ನು ನೋಡುವುದಕ್ಕೆಂದೇ ನಾನು ದಿನಾ ಮೂರು ಗಂಟೆಗೆ ಗೇಟಿನ ಹತ್ತಿರ ನಿಲ್ಲುತ್ತಿದ್ದೆ.

ಆ ಬಸ್ಸಿನಿಂದ ಇಳಿಯುವ ಮಕ್ಕಳಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಆಗ ಏಳನೇ ತರಗತಿ. ಏಪ್ರಿಲ್ ತಿಂಗಳ ಒಂದು ದಿನ ಇಳಿದವಳೇ, "ಅಜ್ಜಯ್ಯ, ಇವತ್ತು ನಾನು ವೋಟ್ ಹಾಕಿ ಬಂದೆ" ಎಂದಳು.

"ಯಾವ ಮಂತ್ರಿಗೆ ಹಾಕಿದೆ?" ಎಂದೆ.

"ಮಂತ್ರಿ ಅಲ್ಲ. ಬೋರ್ಡ್ ಮೆಂಬರ್. ದೊಡ್ಡವರ ಬೋರ್ಡೇ."

ವಿಷಯ ಹೀಗಿದೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಹೆಚ್ಚಾಗಿ ಊರೂರಿನ ಶಿಕ್ಷಣ ಮಂಡಳಿಗಳು. ಮಾಂಟ್‌ಗೊಮರಿ ಕೌಂಟಿಯ ಮಂಡಳಿಯ ಕೈಯಲ್ಲಿ 200ಕ್ಕೂ ಹೆಚ್ಚು ಶಾಲೆಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು, ವರ್ಷಕ್ಕೆ 250 ಕೋಟಿ ಡಾಲರಿಗೂ ಮೀರಿದ ಬಜೆಟ್ಟು ಇವೆ. ಇದನ್ನು ನಡೆಸುವವರು ಎಂಟು ಜನ. ಏಳು ಮಂದಿಯನ್ನು ಕೌಂಟಿಯ ದೊಡ್ಡವರು ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಎಂಟನೆಯವರನ್ನು ಮಕ್ಕಳು ಆರಿಸುತ್ತಾರೆ. ಆರನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳಿಗೆಲ್ಲ ಮತ. ನಿಲ್ಲುವವರು ಹೈಸ್ಕೂಲಿನವರಾಗಿರಬೇಕು. ಅವಧಿ ಒಂದೇ ವರ್ಷ, ಜುಲೈಯಿಂದ ಜೂನ್‌ವರೆಗೆ. ನಮ್ಮಲ್ಲಿ ಹೈಸ್ಕೂಲೆಂದರೆ ಹತ್ತಕ್ಕೆ ಮುಗಿಯುತ್ತದೆ, ಅವರಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ. ಹಾಗಾಗಿ ನಮ್ಮ ಪಿಯುಸಿ ಮಕ್ಕಳ ವಯಸ್ಸಿನವರು ಎಂದಿಟ್ಟುಕೊಳ್ಳಿ.

ಚುನಾವಣೆಯೂ ತಮಾಷೆಯದಲ್ಲ. ಚಳಿಗಾಲದಲ್ಲಿ ಶಾಲೆ ಶಾಲೆಗಳಿಂದ ಮಕ್ಕಳ ಪ್ರತಿನಿಧಿಗಳು ಒಂದೆಡೆ ಸೇರಿ ಅಭ್ಯರ್ಥಿಗಳ ಭಾಷಣ ಕೇಳಿ ಇಬ್ಬರನ್ನು ಉಳಿಸಿಕೊಳ್ಳುತ್ತಾರೆ. ಆ ಇಬ್ಬರು ಕೌಂಟಿಯ ಶಾಲೆಗಳನ್ನೆಲ್ಲ ಸುತ್ತುತ್ತಾರೆ. ಅವರ ಮಾತಿನ ವಿಡಿಯೋವನ್ನು ತರಗತಿಗಳಲ್ಲಿ ತೋರಿಸುತ್ತಾರೆ. ಏಪ್ರಿಲಿನಲ್ಲಿ ಮತದಾನ. ಗೆದ್ದವರಿಗೆ ದೊಡ್ಡ ಸದಸ್ಯರ ಹಾಗೆ ಸಂಬಳವಿಲ್ಲ, ಕಾಲೇಜು ಓದಲು ವಿದ್ಯಾರ್ಥಿವೇತನ ಕೊಡುತ್ತಾರೆ. ಉಳಿದಂತೆ ಅದೇ ಮೇಜು, ಅದೇ ಮೈಕು, ಅದೇ ಕಾಗದದ ಕಟ್ಟು.

"ಯಾರಿಗೆ ಹಾಕಿದೆ?" ಎಂದು ಅವಳ ಅಮ್ಮಮ್ಮ ಕೇಳಿದಳು.

"ಅದು ಸೀಕ್ರೆಟ್, ಅಮ್ಮಮ್ಮ" ಎಂದಳು ಹುಡುಗಿ. ಪತ್ರೊಡೆ ಕೊಟ್ಟರೂ ಹೇಳಲಿಲ್ಲ. (ಅಲ್ಲಿ ಕೆಸುವಿನ ಎಲೆ ಎಲ್ಲಿಂದ ಬಂತು ಎಂದು ಕೇಳುವ ಅಜ್ಜಿಯರಿಗೆ: ಇಂಡಿಯನ್ ಅಂಗಡಿಯ ಫ್ರೀಜರಿನಿಂದ.)

ಆ ಮಂಡಳಿ ಸೇರುವ ಜಾಗವನ್ನು ನೋಡಬೇಕೆಂದು ನನಗೆ ಆಸೆಯಾಯಿತು. ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದಂತೆ. ಅಳಿಯ ಒಂದು ದಿನ ಕಾರಿನಲ್ಲಿ ಬಿಟ್ಟು ಕೆಲಸಕ್ಕೆ ಹೋದ. ಹಂಗರ್‌ಫರ್ಡ್ ಡ್ರೈವ್ ಎಂಬ ದೊಡ್ಡ ರಸ್ತೆಯ ಬದಿಗೆ, ಕಾಲೇಜೊಂದರ ಪಕ್ಕದಲ್ಲಿ ಇಟ್ಟಿಗೆಯ ಹಳೇ ಕಟ್ಟಡ. ಹೆಸರು ಕಾರ್ವರ್ ಕೇಂದ್ರ. ನೋಡಿದರೆ ಕಚೇರಿ ಅನ್ನಿಸುವುದಿಲ್ಲ, ಶಾಲೆ ಅನ್ನಿಸುತ್ತದೆ. ಮೂವತ್ತೊಂದು ವರ್ಷ ಶಾಲೆಯಲ್ಲಿದ್ದವನಿಗೆ ಕಿಟಕಿಗಳ ಸಾಲು ನೋಡಿದರೇ ತಿಳಿಯುತ್ತದೆ, ಯಾವುದು ಓದುವ ಕೋಣೆ, ಯಾವುದು ಗುಮಾಸ್ತರ ಕೋಣೆ ಎಂದು.

ಅದು ನಿಜವಾಗಿ ಶಾಲೆಯೇ ಆಗಿತ್ತು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೈಸ್ಕೂಲು. ಕಾರ್ವರ್ ಯಾರೆಂದು ದೊಡ್ಡ ಮಕ್ಕಳಿಗೆ ಗೊತ್ತಿರಬಹುದು. ಗುಲಾಮಗಿರಿಯಲ್ಲಿ ಹುಟ್ಟಿ, ಕೃಷಿ ವಿಜ್ಞಾನಿಯಾಗಿ, ಹತ್ತಿ ಬೆಳೆದು ಬೆಳೆದು ಬಡವಾದ ನೆಲಕ್ಕೆ ನೆಲಗಡಲೆ ಹಾಕಿ ಎಂದು ರೈತರಿಗೆ ಹೇಳಿಕೊಟ್ಟವರು. ನಮ್ಮ ಕುಂದಾಪುರದ ಕಡೆ ಭತ್ತದ ಕಟಾವಿನ ನಂತರ ನೆಲಗಡಲೆ ಹಾಕುವವರಿಗೆ ಅವರ ಮಾತು ಹೊಸದೆನ್ನಿಸದು. ಅವರ ಹೆಸರಿನ ಆ ಹೈಸ್ಕೂಲನ್ನು 1950ರ ಸುಮಾರಿಗೆ ಕಟ್ಟಿದ್ದು ಕೌಂಟಿಯ ಕಪ್ಪು ಮಕ್ಕಳಿಗಾಗಿ. ಆಗ ಮೇರಿಲ್ಯಾಂಡಿನಲ್ಲಿ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು. ಮನೆಯ ಹತ್ತಿರವೇ ಬಿಳಿಯರ ಹೈಸ್ಕೂಲಿದ್ದರೂ ಅದನ್ನು ದಾಟಿಕೊಂಡು, ಕೌಂಟಿಯ ದೂರದೂರದ ಮೂಲೆಗಳಿಂದ ಬಸ್ಸಿನಲ್ಲಿ ಇಲ್ಲಿಗೆ ಬರಬೇಕಿತ್ತು.

ಮಾಸ್ತರರಿಗೂ ಅದೇ ಪಾಡು. ರಾಕ್‌ವಿಲ್‌ನ ಕಪ್ಪು ಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು ವಿಲಿಯಂ ಗಿಬ್ಸ್. ಅವರಿಗೆ ಸಿಗುತ್ತಿದ್ದ ಸಂಬಳ ಅದೇ ಕೆಲಸ ಮಾಡುವ ಬಿಳಿಯರ ಸಂಬಳದ ಹತ್ತಿರ ಹತ್ತಿರ ಅರ್ಧ. 1936ರಲ್ಲಿ ಅವರು ಶಿಕ್ಷಣ ಮಂಡಳಿಯ ಮೇಲೆ ದಾವೆ ಹಾಕಿದರು. ಅವರ ಪರವಾಗಿ ವಾದಿಸಲು ಬಂದದ್ದು ಬಾಲ್ಟಿಮೋರಿನ ಇಪ್ಪತ್ತೆಂಟು ವರ್ಷದ ವಕೀಲ, ಥರ್ಗುಡ್ ಮಾರ್ಷಲ್. ಮರುವರ್ಷ ಮಂಡಳಿ ಸಂಬಳ ಸಮ ಮಾಡಲು ಒಪ್ಪಿತು. ಇದೇ ಮಾರ್ಷಲ್ ಮುಂದೆ ದೇಶದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ, ಬಣ್ಣ ನೋಡಿ ಶಾಲೆ ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂಬ 1954ರ ತೀರ್ಪನ್ನು ಪಡೆದರು. 1967ರಲ್ಲಿ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯೂ ಆದರು. ಮಾಸ್ತರರ ಸಂಬಳದ ತಕರಾರೆಂದರೆ ನಗುವವರಿಗೆ ಈ ಕಥೆ ಹೇಳಬೇಕು.

1954ರ ತೀರ್ಪಿನ ಮೇಲೆ ಮಕ್ಕಳು ನಿಧಾನಕ್ಕೆ ಬೆರೆತರು, ಕಾರ್ವರ್ ಹೈಸ್ಕೂಲು 1960ರ ಹೊತ್ತಿಗೆ ಮುಚ್ಚಿತು, ಖಾಲಿಯಾದ ಕಟ್ಟಡಕ್ಕೆ ಶಿಕ್ಷಣ ಮಂಡಳಿಯೇ ಬಂದು ಕುಳಿತಿತು. ನಾನು ಹೋದಾಗ ಮಂಡಳಿಯ ಸಭೆ ನಡೆಯುತ್ತಿದ್ದದ್ದು ಅಲ್ಲೇ.

ಸಭೆಯ ಬಗ್ಗೆ ಬಹಳ ಹೇಳಲಾರೆ. ಅರ್ಧಕ್ಕರ್ಧ ನನಗೆ ಅರ್ಥವಾಗದ ಲೆಕ್ಕಪತ್ರ. ಊರಿನವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಎರಡು ಮೂರು ನಿಮಿಷ ಮಾತಾಡುತ್ತಾರೆ, ಹೊತ್ತು ಮುಗಿದರೆ ಮಾತು ಅರ್ಧಕ್ಕೇ ನಿಲ್ಲಬೇಕು. ನಮ್ಮ ಕಡೆಯ ಸಭೆಗಳಿಗೆ ಈ ಒಂದು ನಿಯಮವನ್ನಾದರೂ ತಂದರೆ ದೊಡ್ಡ ಉಪಕಾರವಾದೀತು. ಎಂಟು ಕುರ್ಚಿಗಳಲ್ಲಿ ಒಂದರಲ್ಲಿ ಆ ವರ್ಷದ ವಿದ್ಯಾರ್ಥಿ ಸದಸ್ಯೆ ಕುಳಿತಿದ್ದಳು. ಭಾರತೀಯ ಮೂಲದ ಹುಡುಗಿ. ಮೂಲೆಯಲ್ಲಿ ಪ್ರತ್ಯೇಕ ಕುರ್ಚಿಯಲ್ಲ, ಎಲ್ಲರ ನಡುವೆ. ಮತಕ್ಕೆ ಹಾಕಿದಾಗ ತಂದೆತಾಯಿಯ ವಯಸ್ಸಿನವರ ಕೈಗಳ ಜೊತೆಗೆ ಅವಳ ಕೈಯೂ ಮೇಲೆ ಹೋಯಿತು. ಎಣಿಸಿದವರು ಅದನ್ನೂ ಒಂದು ಎಂದೇ ಎಣಿಸಿದರು.

ಎಣಿಸಿದರು ಎಂಬುದೇ ಮುಖ್ಯ. ಅಮೆರಿಕದಲ್ಲೆಲ್ಲ ಹೀಗಿದೆ ಎಂದುಕೊಳ್ಳಬೇಡಿ. ಬಹಳ ಕಡೆ ವಿದ್ಯಾರ್ಥಿ ಪ್ರತಿನಿಧಿ ಇರುತ್ತಾರೆ, ಸಲಹೆ ಕೊಡುತ್ತಾರೆ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕ್ರಮವಿದೆ. ಅಲ್ಲಿ ವಿದ್ಯಾರ್ಥಿ ಸದಸ್ಯರು ದೊಡ್ಡವರಿಗಿಂತ ಮೊದಲು ತಮ್ಮ ಮತವನ್ನು ಹೇಳುತ್ತಾರೆ. ಅದನ್ನು ಬರೆದುಕೊಳ್ಳುತ್ತಾರೆ, ಆದರೆ ಕೂಡಿಸುವಾಗ ಸೇರಿಸುವುದಿಲ್ಲ. ಮೊದಲು ಕೇಳಿಸಿಕೊಂಡಾದರೂ ದೊಡ್ಡವರ ಮನಸ್ಸು ಬದಲಾಗಲಿ ಎಂಬ ಯೋಚನೆ ಇರಬೇಕು. ಮಾಂಟ್‌ಗೊಮರಿಯಲ್ಲೂ 1970ರ ದಶಕದ ಕೊನೆಯಲ್ಲಿ ಮೊದಲ ವಿದ್ಯಾರ್ಥಿ ಬಂದು ಕುಳಿತಾಗ ಇಷ್ಟೆಲ್ಲ ಅಧಿಕಾರ ಇರಲಿಲ್ಲ. ಸ್ವಲ್ಪ ಸ್ವಲ್ಪವೇ ಬಂತು. ಬಜೆಟ್ಟು, ಶಾಲೆ ಮುಚ್ಚುವುದು, ಶಾಲೆಗಳ ಗಡಿ, ನೌಕರರ ಒಪ್ಪಂದ ಇವುಗಳ ಮೇಲೂ ಮತ ಹಾಕಬಹುದು ಎಂದು ರಾಜ್ಯದ ಶಾಸನಸಭೆ ಕಾನೂನು ಮಾಡಿದ್ದು 2016ರಲ್ಲಿ. ಶಿಕ್ಷಕರನ್ನು ಕೆಲಸದಿಂದ ತೆಗೆಯುವಂಥ ವಿಷಯಗಳಲ್ಲಿ ಮಾತ್ರ ಮತವಿಲ್ಲ. ಇದು ಸರಿಯೇ. ತನಗೆ ಅಂಕ ಕೊಡುವ ಮೇಷ್ಟ್ರ ಕೆಲಸ ವಿದ್ಯಾರ್ಥಿಯ ಕೈಯಲ್ಲಿ ಇರಬಾರದು, ಇಬ್ಬರ ಹಿತದಿಂದಲೂ.

ಈಗ ಗಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯೊಳಗೇ ಬಿಸಿ ಎಬ್ಬಿಸಿದ್ದು ಅದು.

ಅಲ್ಲಿ ನೀವು ಯಾವ ಬೀದಿಯಲ್ಲಿ ಮನೆ ಮಾಡಿದ್ದೀರೋ ಅದರ ಮೇಲೆ ನಿಮ್ಮ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕು ಎಂಬುದು ತೀರ್ಮಾನವಾಗುತ್ತದೆ. ಒಳ್ಳೆಯದೆಂದು ಹೆಸರಾದ ಶಾಲೆಯ ಗಡಿಯೊಳಗೆ ಮನೆಯ ಬೆಲೆ ಜಾಸ್ತಿ. ಗೆರೆಯ ಆಚೆ ಬದಿಯಲ್ಲಿ ಅಂಥದೇ ಮನೆಗೆ ಕಡಿಮೆ. ಗೆರೆಯ ಒಂದು ಬದಿಯ ಶಾಲೆಯಲ್ಲಿ ಮಕ್ಕಳು ತುಂಬಿ ತುಳುಕಿ ಅಂಗಳದಲ್ಲಿ ಡಬ್ಬಿಯಂಥ ತಾತ್ಕಾಲಿಕ ಕೋಣೆಗಳಲ್ಲಿ ಪಾಠ ನಡೆಯುತ್ತದೆ, ಇನ್ನೊಂದು ಬದಿಯಲ್ಲಿ ಕೋಣೆ ಖಾಲಿ ಇರುತ್ತದೆ. ಒಂದು ಕಡೆ ಬಡವರ ಮಕ್ಕಳೇ ಹೆಚ್ಚು, ಇನ್ನೊಂದು ಕಡೆ ಅನುಕೂಲಸ್ಥರ ಮಕ್ಕಳೇ ಹೆಚ್ಚು. ಈ ಗೆರೆಗಳನ್ನು ಇಡೀ ಕೌಂಟಿಗೆ ಒಮ್ಮೆ ಹೊರಗಿನ ತಜ್ಞರಿಂದ ಪರಿಶೀಲಿಸಬೇಕು ಎಂಬ ಗೊತ್ತುವಳಿಯನ್ನು 2019ರ ಜನವರಿಯಲ್ಲಿ ಮಂಡಳಿ ಒಪ್ಪಿತ್ತು. ಆ ಗೊತ್ತುವಳಿಯನ್ನು ಮಂಡಿಸಿದವಳು ನಾನು ನೋಡಿದ ಅದೇ ಹುಡುಗಿ.

ಮಗಳೂ ಅಳಿಯನೂ ಆ ಮನೆಯನ್ನು ಸಾಲ ಮಾಡಿ ಕೊಂಡದ್ದು ಶಾಲೆ ನೋಡಿಯೇ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಾತು ಬಂತು.

"ನಾಳೆ ಗೆರೆ ಬದಲಾಯಿಸಿದರೆ ನಾವು ಇಷ್ಟು ವರ್ಷ ಕಟ್ಟಿದ್ದು ಎಂತಕ್ಕೆ, ಮಾವ?" ಎಂದ ಅಳಿಯ. "ಹದಿನೇಳು ವರ್ಷದವರಿಗೆ ಮನೆ ಸಾಲ ಗೊತ್ತುಂಟಾ?"

"ಅಪ್ಪ, ಅದು ಬರೀ ಸ್ಟಡಿ" ಎಂದಳು ಮೊಮ್ಮಗಳು.

"ಎಲ್ಲ ಸ್ಟಡಿಯಿಂದಲೇ ಶುರುವಾಗುವುದು."

"ನನ್ನ ಫ್ರೆಂಡ್ ಇದ್ದಾಳಲ್ಲ, ಅವಳು ಡ್ಯಾನ್ಸ್ ಕ್ಲಾಸಿಗೆ ನನ್ನ ಜೊತೆ ಬರ್ತಾಳೆ, ಅವಳ ಮನೆಗೆ ನಡೆದು ಹೋಗಬಹುದು. ಅವಳ ಸ್ಕೂಲಿನಲ್ಲಿ ನಮ್ಮಲ್ಲಿರುವ ಅರ್ಧ ಸಬ್ಜೆಕ್ಟ್ ಇಲ್ಲ. ಯಾಕೆ ಇಲ್ಲ?"

ಅಳಿಯ ಸುಮ್ಮನಾದ. ಕೆಟ್ಟ ಮನುಷ್ಯನಲ್ಲ ಅವನು. ಬೈಂದೂರಿನ ಸರ್ಕಾರಿ ಶಾಲೆಯಲ್ಲಿ ಓದಿ, ಪರದೇಶಕ್ಕೆ ಹೋಗಿ, ಮಗಳಿಗೆ ತನಗಿಂತ ಒಳ್ಳೆಯದು ಸಿಗಲಿ ಎಂದು ದುಡಿಯುತ್ತಿರುವವನು. ಅವನ ಭಯದಲ್ಲಿ ಸುಳ್ಳು ಏನೂ ಇರಲಿಲ್ಲ. ಹುಡುಗಿಯ ಪ್ರಶ್ನೆಯಲ್ಲೂ ಇರಲಿಲ್ಲ. "ಹಾಗಾದರೆ ನೀನು ವೋಟ್ ಹಾಕಿದ್ದು ಗೆರೆ ಬದಲಾಯಿಸುವವರಿಗಾ?" ಎಂದು ಮಗಳು ಕೇಳಿದಳು. "ಅಮ್ಮ, ಸೀಕ್ರೆಟ್ ಅಂದ್ನಲ್ಲ" ಎಂದು ಅವಳು ಅನ್ನಕ್ಕೆ ಮೊಸರು ಹಾಕಿಕೊಂಡಳು. ಆಮೇಲೆ ಅಪ್ಪ ಮಗಳು ಎರಡು ದಿನ ಅಷ್ಟಕ್ಕಷ್ಟೇ ಇದ್ದರು. ಮೂರನೆಯ ದಿನ ಗಣಿತದ ಹೋಂವರ್ಕು ಅವರನ್ನು ಒಂದು ಮಾಡಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ಪ್ರಶ್ನೆ ಎತ್ತುವುದು ಏಳು ದೊಡ್ಡವರಿಗೆ ಕಷ್ಟ. ಅವರು ನಾಲ್ಕು ವರ್ಷ ಬಿಟ್ಟು ಮತ್ತೆ ಅದೇ ಮನೆ ಮಾಲೀಕರ ಮುಂದೆ ಮತ ಕೇಳಬೇಕು. ಎಂಟನೆಯ ಕುರ್ಚಿಯವರು ಜೂನ್ ಕಳೆದರೆ ಕಾಲೇಜಿಗೆ ಹೋಗುವವರು. ಅದಕ್ಕೇ ಧೈರ್ಯ ಬರುತ್ತದೆ. ಅದಕ್ಕೇ ಹೊಣೆ ಇಲ್ಲ ಎಂದು ಅಳಿಯ ಹೇಳುತ್ತಾನೆ. ಇಬ್ಬರೂ ನೋಡುತ್ತಿರುವುದು ಅದೇ ಕುರ್ಚಿಯನ್ನು.

ಒಂದು ಭಾನುವಾರ ಅಳಿಯನೇ ನಮ್ಮನ್ನೆಲ್ಲ ಅನಾಪೊಲಿಸ್‌ಗೆ ಕರೆದುಕೊಂಡು ಹೋದ. ಮೇರಿಲ್ಯಾಂಡಿನ ರಾಜಧಾನಿ, ಸಮುದ್ರದ ಹಿನ್ನೀರಿನ ಊರು. ದೋಣಿಗಳು, ಏಡಿ, ಉಪ್ಪು ಗಾಳಿ. ನನಗೂ ನನ್ನ ಹೆಂಡತಿಗೂ ಗಂಗೊಳ್ಳಿಯ ನೆನಪು. ಮಧ್ಯದ ದಿಬ್ಬದ ಮೇಲೆ ಶಾಸನಸಭೆಯ ಕಟ್ಟಡ. ಜಾರ್ಜ್ ವಾಷಿಂಗ್ಟನ್ ಯುದ್ಧ ಗೆದ್ದ ಮೇಲೆ, 1783ರ ಡಿಸೆಂಬರಿನಲ್ಲಿ, ಸೇನಾಪತಿಯ ಪದವಿಯನ್ನು ಬಿಟ್ಟುಕೊಟ್ಟದ್ದು ಇಲ್ಲೇ. ಮೇಲಿನ ಮರದ ಗುಮ್ಮಟಕ್ಕೆ ಲೋಹದ ಮೊಳೆ ಹೊಡೆದಿಲ್ಲವಂತೆ. ನಮ್ಮ ಕರಾವಳಿಯ ಆಚಾರಿಗಳು ನೋಡಿದರೆ ತಲೆದೂಗಿಯಾರು. ವಿದ್ಯಾರ್ಥಿ ಸದಸ್ಯರಿಗೆ ಮತ ಕೊಟ್ಟ ಕಾನೂನುಗಳು ಹುಟ್ಟಿದ್ದೂ ಆ ಗುಮ್ಮಟದ ಕೆಳಗೇ.

ಕಟ್ಟಡದ ಎದುರಿನ ಚೌಕದಲ್ಲಿ ಥರ್ಗುಡ್ ಮಾರ್ಷಲ್‌ರ ಕಂಚಿನ ಪ್ರತಿಮೆ ನಿಂತಿದೆ. ಮುದುಕ ನ್ಯಾಯಮೂರ್ತಿಯಾಗಿ ಅಲ್ಲ, ಯುವಕ ವಕೀಲನಾಗಿ. ಎದುರಿಗೆ ಬೆಂಚುಗಳು. ಒಂದರ ಮೇಲೆ ಡೊನಾಲ್ಡ್ ಗೇನ್ಸ್ ಮರ್ರೆ ಎಂಬವರ ಪ್ರತಿಮೆ. ಕಪ್ಪು ಬಣ್ಣದ ಕಾರಣಕ್ಕೆ ಮೇರಿಲ್ಯಾಂಡಿನ ಕಾನೂನು ಕಾಲೇಜು ಅವರಿಗೆ ಬಾಗಿಲು ಮುಚ್ಚಿದಾಗ ಮಾರ್ಷಲ್ ಕೋರ್ಟಿಗೆ ಹೋಗಿ ತೆರೆಸಿದ್ದರು. ಇನ್ನೊಂದು ಬೆಂಚಿನ ಮೇಲೆ ಇಬ್ಬರು ಮಕ್ಕಳು, ಕಂಚಿನವರು. ಬೆಂಚಿನಲ್ಲಿ ಇನ್ನೂ ಜಾಗವಿದ್ದದ್ದರಿಂದ ನನ್ನ ಮೊಮ್ಮಗಳು ಹೋಗಿ ಅವರ ಪಕ್ಕ ಕುಳಿತಳು. ಫೋಟೋ ಇದೆ, ಅವಳು ಐಸ್‌ಕ್ರೀಮು ತಿನ್ನುತ್ತಿರುವುದರಿಂದ ಪತ್ರಿಕೆಗೆ ಕಳಿಸಬಾರದೆಂದು ಆಜ್ಞೆಯಾಗಿದೆ.

ಅದೇ ಕೌಂಟಿಯಲ್ಲಿ ಟಕೋಮಾ ಪಾರ್ಕ್ ಎಂಬ ಇನ್ನೊಂದು ಸಣ್ಣ ಊರಿದೆ. ಹಳೇ ಮರಗಳು, ಹಳೇ ಮನೆಗಳು, ಭಾನುವಾರ ರೈತರ ಸಂತೆ. ಅಂಗಡಿ ಬೀದಿಯಲ್ಲಿ ಒಂದು ಹುಂಜದ ಪ್ರತಿಮೆ! 1990ರ ದಶಕದಲ್ಲಿ ಆ ಊರಲ್ಲಿ ಯಾರಿಗೂ ಸೇರದ ಹುಂಜವೊಂದು ತನ್ನಿಷ್ಟ ಬಂದಂತೆ ತಿರುಗುತ್ತಿತ್ತಂತೆ. ಹಿಡಿಯಲು ಹೋದವರ ಕೈಗೆ ಸಿಗಲಿಲ್ಲ. ಜನ ಅದಕ್ಕೆ ರಾಸ್ಕೋ ಎಂದು ಹೆಸರಿಟ್ಟು, ಸತ್ತ ಮೇಲೆ ಕಂಚಿನಲ್ಲಿ ನಿಲ್ಲಿಸಿದರು. ಹುಂಜವನ್ನು ನೋಡಲು ಹೋದ ನಮಗೆ ಇನ್ನೊಂದು ಸಂಗತಿ ತಿಳಿಯಿತು. ನಗರಸಭೆಯ ಚುನಾವಣೆಯಲ್ಲಿ ಹದಿನಾರು ತುಂಬಿದವರಿಗೆ ಮತ ಕೊಟ್ಟ ಅಮೆರಿಕದ ಮೊದಲ ಊರು ಇದೇ, 2013ರಲ್ಲಿ. "ನಾವು ಇಲ್ಲಿಗೇ ಮನೆ ಬದಲಾಯಿಸುವಾ" ಎಂದಳು ಮೊಮ್ಮಗಳು. "ಮತ್ತೆ ನಿನ್ನ ಸ್ಕೂಲಿನ ಗೆರೆ?" ಎಂದ ಅಳಿಯ. ಈ ಸಲ ಎಲ್ಲರೂ ನಕ್ಕೆವು.

ಅಷ್ಟು ದೂರ ಹೋಗಿ ಇದನ್ನೆಲ್ಲ ನೋಡುವಾಗ ನನಗೆ ನಮ್ಮ ತಾಲ್ಲೂಕಿನ ಕೆರಾಡಿ ಮೊದಲಾದ ಊರುಗಳು ನೆನಪಾಗುತ್ತಿದ್ದವು. 1990ರ ದಶಕದ ನಡುವಿನಲ್ಲಿ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ನೆರವಿನಿಂದ ಕುಂದಾಪುರ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಕ್ಕಳೇ ಗುಪ್ತ ಮತದಾನ ಮಾಡಿ ತಮ್ಮ ಸದಸ್ಯರನ್ನು ಆರಿಸಿದರು. ಶಾಲೆಗೆ ಹೋಗುವವರು, ದನ ಮೇಯಿಸುವವರು, ಮನೆಗೆಲಸಕ್ಕೆ ಹೋಗುವವರು ಎಲ್ಲರೂ ಅದರಲ್ಲಿದ್ದರು. ತಮ್ಮ ಊರಿನ ಕಷ್ಟಗಳ ಪಟ್ಟಿಯನ್ನು ತಾವೇ ಮಾಡಿ ದೊಡ್ಡವರ ಪಂಚಾಯಿತಿಯ ಮುಂದೆ ಇಟ್ಟರು. ಅವರು ಎತ್ತಿದ ಮಾತುಗಳಲ್ಲಿ ಒಂದು ಕಾಲುಸಂಕ. ಘಟ್ಟದ ಬುಡದ ನಮ್ಮೂರುಗಳಲ್ಲಿ ಮಳೆಗಾಲದ ಹೊಳೆ ದಾಟಲು ಎರಡು ಅಡಿಕೆ ಮರ ಅಡ್ಡ ಹಾಕಿರುತ್ತಾರೆ. ದೊಡ್ಡವರಿಗೆ ಅದು ಸಾಕು. ಕೊಡೆ, ಚೀಲ, ಕೈಯಲ್ಲಿ ತಮ್ಮನ ಕೈ ಹಿಡಿದ ಎಂಟು ವರ್ಷದ ಹುಡುಗಿಗೆ ಅದು ಸಾಲದು ಎಂಬುದು ದಾಟುವವಳಿಗೇ ಗೊತ್ತು. ಈಗ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ನಿಮ್ಮೂರಲ್ಲಿ ಯಾವಾಗ ಎಂದು ಮಾಸ್ತರರನ್ನು ಕೇಳಿ. ಕಾಲುಸಂಕದ ಕಥೆಯನ್ನು ಮೊಮ್ಮಗಳಿಗೆ ಹೇಳಿದಾಗ ಅವಳ ಮೊದಲ ಪ್ರಶ್ನೆ, "ಅವರ ವೋಟನ್ನು ಪಂಚಾಯ್ತಿಯಲ್ಲಿ ಲೆಕ್ಕಕ್ಕೆ ಹಿಡಿಯುತ್ತಿದ್ದರಾ?" ಇಲ್ಲ ಎಂದೆ. ಹೇಳಲಿಕ್ಕೆ ಜಾಗವಿತ್ತು, ಕೈ ಎತ್ತಲಿಕ್ಕೆ ಇರಲಿಲ್ಲ.

ನಾವು ಊರಿಗೆ ಮರಳಿದ ಮರುವರ್ಷ ಕೊರೊನಾ ಬಂತು. ಮಾಂಟ್‌ಗೊಮರಿಯ ನೆರೆಯ ಹೊವಾರ್ಡ್ ಕೌಂಟಿಯಲ್ಲಿ ಎಂಟನೆಯ ಕುರ್ಚಿಗೆ ದೊಡ್ಡ ಪರೀಕ್ಷೆ ಎದುರಾಯಿತು. ಅಲ್ಲೂ ಏಳು ದೊಡ್ಡವರು, ಒಬ್ಬ ವಿದ್ಯಾರ್ಥಿ. 2020ರಲ್ಲಿ ಮುಚ್ಚಿದ ಶಾಲೆಗಳನ್ನು ತೆರೆಯುವ ಪ್ರಶ್ನೆ ಬಂದಾಗ ಮತಗಳು ನಾಲ್ಕು ನಾಲ್ಕಾಗಿ ಒಡೆದವು. ವಿದ್ಯಾರ್ಥಿ ಸದಸ್ಯರ ಮತ ತೆರೆಯುವುದು ಬೇಡ ಎಂಬವರ ಕಡೆ ಇತ್ತು. ಸಮವಾದರೆ ಗೊತ್ತುವಳಿ ಬಿದ್ದು ಹೋಗುತ್ತದೆ. ಆ ಒಂದು ಮತ ಇಲ್ಲದಿದ್ದರೆ ಶಾಲೆ ತೆರೆಯುತ್ತಿತ್ತಲ್ಲ ಎಂದು ಇಬ್ಬರು ಪೋಷಕರು ಕೋರ್ಟಿಗೆ ಹೋದರು. ಮತ ಹಾಕಲೇ ವಯಸ್ಸಾಗದ ಮಕ್ಕಳು ಆರಿಸಿದವರು, ತಾವೇ ವಯಸ್ಸಿಗೆ ಬಾರದವರು, ನಮ್ಮನ್ನು ಆಳುವುದು ಹೇಗೆ ಎಂಬುದು ಅವರ ವಾದ. ಮಕ್ಕಳು ಮನೆಯಲ್ಲಿ ಒಂಟಿಯಾಗಿ ಪರದೆ ನೋಡಿ ಕೊರಗುತ್ತಿದ್ದ ಕಾಲ ಅದು, ಅವರ ಸಂಕಟವೂ ಸಣ್ಣದಲ್ಲ. ರಾಜ್ಯದ ಅತ್ಯುಚ್ಚ ನ್ಯಾಯಾಲಯ 2022ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಶಿಕ್ಷಣ ಮಂಡಳಿ ಶಾಸನಸಭೆ ಹುಟ್ಟುಹಾಕಿದ ಸಂಸ್ಥೆ, ಅದರಲ್ಲಿ ಯಾರು ಕೂರಬೇಕು, ಅವರನ್ನು ಯಾರು ಆರಿಸಬೇಕು ಎಂದು ಹೇಳುವ ಅಧಿಕಾರ ಶಾಸನಸಭೆಗಿದೆ. ವಿದ್ಯಾರ್ಥಿಯ ಕುರ್ಚಿ ಉಳಿಯಿತು.

ಗಡಿಯ ಅಧ್ಯಯನದ ವರದಿಯೂ ಅಷ್ಟರಲ್ಲಿ ಬಂದಿತ್ತು. ಅದು ಹುಡುಗಿ ಹೇಳಿದ ಹಾಗೆ ಅಧ್ಯಯನವೇ, ಗೆರೆ ಅಳಿಸುವ ಆದೇಶವಲ್ಲ. ಮಗಳ ಮನೆ ಇದ್ದ ಗೆರೆಯೊಳಗೇ ಇತ್ತು.

ತೀರ್ಪಿನ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದವಳು ಮೊಮ್ಮಗಳು. ಆಗ ಹನ್ನೊಂದನೇ ತರಗತಿ ಶುರುವಾಗುವುದರಲ್ಲಿತ್ತು. ನಿಲ್ಲುವುದಾದರೆ ಅದೇ ಅವಳಿಗೆ ಕೊನೆಯ ಅವಕಾಶ. "ನೀನೂ ನಿಲ್ಲುತ್ತೀಯಾ ಮಾರಾಯ್ತಿ?" ಎಂದೆ.

"ಇಲ್ಲ ಅಜ್ಜಯ್ಯ. ಮೀಟಿಂಗು ರಾತ್ರಿ ತನಕ ಎಳೆದರೆ ಮರುದಿನ ಏಳೂಮುಕ್ಕಾಲಿಗೆ ಸ್ಕೂಲು. ನನಗೆ ನಿದ್ದೆ ಬೇಕು." ಸ್ವಲ್ಪ ತಡೆದು, "ನನ್ನ ಕ್ಲಾಸಿನವನೊಬ್ಬ ನಿಲ್ಲುತ್ತಾನಂತೆ. ಪೋಸ್ಟರು ಮಾಡಿಕೊಡ್ತೇನೆ ಅಂದಿದ್ದೇನೆ. ಸ್ಕೂಲು ಶುರುವಾಗುವ ಹೊತ್ತು ಬದಲಾಯಿಸುತ್ತೇನೆ ಅಂತ ಬರಿ, ಹಾಗಾದರೆ ಮಾತ್ರ ಮಾಡಿಕೊಡೋದು ಅಂತ ಹೇಳಿದ್ದೇನೆ" ಎಂದಳು.

ಹಿಂದಿನಿಂದ ಅಳಿಯನ ದನಿ ಕೇಳಿಸಿತು. "ಮಾವ, ನಂಗೂ ಆ ಮಾತು ಒಪ್ಪಿಗೆ. ಬೆಳಿಗ್ಗೆ ಅವಳನ್ನು ಎಬ್ಬಿಸುವವನು ನಾನೇ."